ಕೋವಿಯಿಲ್ಲದ ಕೋವಿ ಗುಮಾಸ್ತರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಹಂಪಾಪುರದ ಸಂತೆಗೆ ಬೆಲ್ಲ ತರುವ ಕೃಷ್ಣರಾಜನಗರದ ವ್ಯಾಪಾರಿ. ನಾನು ಕೇಳಿದ ಮೊದಲ ಪ್ರಶ್ನೆ, ಎಷ್ಟು ಜನ ಸೇರಿದ್ದರು ಎಂದು. ಅವನು ಬೆಲ್ಲದ ಅಚ್ಚುಗಳನ್ನು ಜೋಡಿಸುತ್ತಲೇ, ಹನ್ನೆರಡನೆಯ ದಿನದ ಊಟಕ್ಕೆ ಬೀದಿ ತುಂಬಿತ್ತು ಸ್ವಾಮಿ, ಎಂದ. ಪಿರಿಯಾಪಟ್ಟಣದಿಂದ, ಹುಣಸೂರಿನಿಂದ, ನಮ್ಮ ಹೆಗ್ಗಡದೇವನಕೋಟೆಯ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಹೋಗಿದ್ದರಂತೆ. ಒಬ್ಬ ಗುಮಾಸ್ತ ಸತ್ತರೆ ಇಷ್ಟು ಗಾಡಿ ಯಾಕೆ ಹೋಗಬೇಕು ಎಂದು ನನಗೆ ಸಿಟ್ಟು ಬಂತು. ನನಗೆ ಯಾರೂ ಹೇಳಲಿಲ್ಲವಲ್ಲ ಎಂದು ಇನ್ನೂ ಹೆಚ್ಚು ಸಿಟ್ಟು ಬಂತು. ಆಮೇಲೆ ಅಲ್ಲೇ ಬೆಲ್ಲದ ಮೂಟೆಯ ಮೇಲೆ ಕೂತುಬಿಟ್ಟೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹೇಳಿದರೆ ಈ ಸೀಮೆಯಲ್ಲಿ ಈಗಲೂ ಒಬ್ಬರಲ್ಲ ಒಬ್ಬರು ಕೈ ಮುಗಿಯುತ್ತಾರೆ. ಅದನ್ನು ನೋಡಿ ಸುಮ್ಮನಿರುವ ದೊಡ್ಡತನ ನನಗಿನ್ನೂ ಬಂದಿಲ್ಲ.

ಎಲ್ಲರೂ ಅವರನ್ನು ಕೋವಿ ಗುಮಾಸ್ತರು ಎನ್ನುತ್ತಿದ್ದರು. ಹೆಗ್ಗಡದೇವನಕೋಟೆಯ ತಾಲ್ಲೂಕು ಕಚೇರಿಯಲ್ಲಿ ಕೋವಿ ಲೈಸೆನ್ಸಿನ ಮೇಜು ಅವರದು. ಹುಟ್ಟೂರು ಎಡತೊರೆ, ಅದನ್ನೇ ಈಗ ಕೃಷ್ಣರಾಜನಗರ ಎನ್ನುವುದು. ಸಣ್ಣ ಆಳು. ಕಚ್ಚೆ ಪಂಚೆ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ಕೋಟಿನ ಜೇಬಿನಲ್ಲಿ ನಶ್ಯದ ಡಬ್ಬಿ. ಮಾಂಸ ಮುಟ್ಟುವವರಲ್ಲ. ಕಾಗೆಗೂ ಕಲ್ಲು ಬೀರಿದವರಲ್ಲ. ಸ್ವಂತಕ್ಕೆ ಒಂದು ಕೋವಿ ಕೂಡ ಇರಲಿಲ್ಲ. ಆದರೂ ಕಾಕನಕೋಟೆಯ ಕಾಡಂಚಿನಿಂದ ಪಿರಿಯಾಪಟ್ಟಣದವರೆಗೆ ಯಾರು ಕೋವಿ ಕೊಳ್ಳಬೇಕಾದರೂ ಮೊದಲು ಅವರನ್ನು ಕೇಳಿ ಬರುತ್ತಿದ್ದರು. ಮದುವೆಯಾಗದವನ ಹತ್ತಿರ ಹೆಣ್ಣು ನೋಡಲು ಬುದ್ಧಿ ಕೇಳಿದಂತೆ ಇದು ಎಂದು ನಾನು ಆಗಾಗ ಹೇಳುತ್ತಿದ್ದೆ. ಯಾರೂ ನಗುತ್ತಿರಲಿಲ್ಲ.

ವರ್ಷಕ್ಕೊಂದು ಸಲ ಲೈಸೆನ್ಸು ಹೊಸದು ಮಾಡಿಸಲು ತಾಲ್ಲೂಕಿನ ಕೋವಿಗಳೆಲ್ಲ ಕಚೇರಿಗೆ ಬರಬೇಕಿತ್ತು. ಅಮಲ್ದಾರರು ಒಳಗೆ ಸಹಿ ಮಾಡುತ್ತಿದ್ದರು. ಹೊರಗೆ ಜಗಲಿಯ ಮೇಲೆ ಚಾಪೆ ಹಾಸಿ ಇವರು ಕೂರುತ್ತಿದ್ದರು. ಕೆಲಸವೇನೋ ಕೋವಿಯ ಮೇಲಿನ ನಂಬರನ್ನು ರಿಜಿಸ್ಟರಿಗೆ ಹೋಲಿಸಿ ನೋಡುವುದಷ್ಟೇ. ಇವರು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಕೋವಿಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಕಣ್ಣು ಮುಚ್ಚಿ, ಬೆರಳಾಡಿಸಿ, ಇದರ ಸ್ಕ್ರೂ ಯಾರೋ ಬಿಚ್ಚಿದ್ದಾರೆ, ಇದು ಈ ವರ್ಷ ಎಣ್ಣೆ ಕಂಡಿಲ್ಲ, ಎಂದು ಹೇಳುತ್ತಿದ್ದರು. ಒಂದು ಸಲ ಸರಗೂರಿನ ಕಡೆಯವನೊಬ್ಬ ತನ್ನ ಕೋವಿಯನ್ನು ಎಲ್ಲೋ ಒತ್ತೆಯಿಟ್ಟು, ಅಣ್ಣನ ಕೋವಿಯನ್ನು ತಂದು ಸಾಲಿನಲ್ಲಿ ನಿಂತಿದ್ದ. ಇವರು ಅದನ್ನು ಮುಟ್ಟಿದ ಕೂಡಲೆ ಅವನ ಮುಖ ನೋಡಿ, ಅಣ್ಣ ಚೆನ್ನಾಗಿದ್ದಾನೇನಪ್ಪಾ ಎಂದು ಕೇಳಿದರಂತೆ. ಅವನು ಅಲ್ಲೇ ಕಾಲು ಹಿಡಿದ. ಮೇಲಕ್ಕೆ ವರದಿ ಮಾಡದೆ, ಹದಿನೈದು ದಿನದೊಳಗೆ ನಿನ್ನದನ್ನು ತಂದು ತೋರಿಸು ಎಂದು ಕಳಿಸಿದರು.

ಅವರ ಇನ್ನೊಂದು ಅಭ್ಯಾಸವೆಂದರೆ ಹೊಡೆದು ಖಾಲಿಯಾದ ತೋಟಾಗಳನ್ನು ಕೇಳುವುದು. ತೋಟಾ ಕೋವಿ ಇಟ್ಟುಕೊಂಡವರು ಕೋವಿಯ ಜೊತೆ ಒಂದೆರಡು ಖಾಲಿ ತೋಟಾ ತರಲೇಬೇಕು. ಅದರ ಬುಡವನ್ನು ಬೆಳಕಿಗೆ ಹಿಡಿದು, ಪೆಟ್ಟು ಎಲ್ಲಿ ಬಿದ್ದಿದೆ, ಅಂಚು ಉಬ್ಬಿದೆಯೇ, ಪಕ್ಕ ಸೀಳಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡುವರು. ಕೋವಿ ಸುಳ್ಳು ಹೇಳುತ್ತೆ, ತೋಟಾ ಹೇಳಲ್ಲ, ಎನ್ನುವುದು ಅವರ ಮಾತು. ಈ ಮಾತನ್ನು ನಮ್ಮ ತಂದೆಯವರು ವರ್ಷದಲ್ಲಿ ನೂರು ಸಲವಾದರೂ ಮನೆಯಲ್ಲಿ ಹೇಳುತ್ತಿದ್ದರು.

ನನ್ನ ರೋಗದ ಮೂಲ ಅಲ್ಲಿದೆ. ನಮ್ಮ ತಂದೆ ಹಂಪಾಪುರದ ಹತ್ತಿರದ ನಮ್ಮೂರಿನ ಪಟೇಲರು. ಮನೆಯಲ್ಲಿ ಮದ್ದು ತುಂಬಿ ಹೊಡೆಯುವ ಎರಡು ಕೇಪಿನ ಕೋವಿ, ಒಂದು ಜೋಡಿ ನಳಿಗೆಯ ತೋಟಾ ಕೋವಿ. ಕೋವಿ ಎಂದರೆ ಅವರಿಗೆ ಪ್ರಾಣ. ನಾನು ಅವರ ಒಬ್ಬನೇ ಮಗ. ನನ್ನ ಗುರಿ ಚೆನ್ನಾಗಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಐವತ್ತು ಹೆಜ್ಜೆ ದೂರದ ಚಿಪ್ಪನ್ನು ನಾನು ಒಡೆಯುತ್ತಿದ್ದುದನ್ನು ಊರೇ ನೋಡಿದೆ. ಆದರೆ ನಾನು ಚಿಪ್ಪು ಒಡೆದಾಗ ಅಪ್ಪ ಎಲೆಯಡಿಕೆಯಿಂದ ತಲೆಯೆತ್ತುತ್ತಿರಲಿಲ್ಲ. ಕಚೇರಿಯಿಂದ ಬರುವಾಗ ಮಾತ್ರ ಗಾಡಿಯಲ್ಲಿ ದಾರಿಯುದ್ದಕ್ಕೂ ಗುಮಾಸ್ತರ ಗುಣಗಾನ. ಕೈ ಅಂದ್ರೆ ಅದು ಕಣ್ಲಾ ಕೈ, ಎನ್ನುವರು. ನಾನು ಕೋವಿಯ ವಿಷಯ ಏನು ಹೇಳಿದರೂ, ಇರು, ಗುಮಾಸ್ತರನ್ನ ಕೇಳುವ, ಎನ್ನುವರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಮೂವತ್ತೈದು ದಾಟಿದರೂ ನಾನು ಹಿತ್ತಲ ಗಿಡವಾಗಿಯೇ ಉಳಿದಿದ್ದೆ. ಅಪ್ಪ ಒಂದೇ ಒಂದು ಸಲ ನಾಲ್ಕು ಜನರ ಮುಂದೆ, ಇದನ್ನ ನನ್ನ ಮಗನನ್ನ ಕೇಳಿ, ಎಂದು ಹೇಳಲಿ ಎನ್ನುವುದು ನನ್ನ ಆಸೆ. ಆಸೆ ಎಂದರೆ ಸಣ್ಣ ಮಾತಾಯಿತು, ಹಸಿವು ಎನ್ನಬೇಕು.

ಅಪ್ಪ ಗಾಡಿಯಿಂದ ಬಿದ್ದು ಬಲ ಹೆಗಲು ನೋವು ಮಾಡಿಕೊಂಡ ವರ್ಷ ಈ ಹಸಿವು ತೀರುವ ಕಾಲ ಬಂತು ಎಂದುಕೊಂಡೆ. ತೋಟಾ ಕೋವಿ ಹೊಡೆದರೆ ಹೆಗಲಿಗೆ ಒದೆಯುತ್ತದೆ. ಆ ಒದೆತವನ್ನು ಅವರಿಂದ ಇನ್ನು ತಡೆಯಲಾಗುತ್ತಿರಲಿಲ್ಲ. ಕೋವಿ ಬಿಟ್ಟು ಕೂರುವ ಮನುಷ್ಯರೂ ಅಲ್ಲ. ಅವರೆ ಹೊಲಕ್ಕೆ ಮೊಲ, ಕಡಲೆಕಾಯಿಗೆ ಗೌಜಲಹಕ್ಕಿ ಬೀಳುತ್ತಿದ್ದವು. ಅಷ್ಟಕ್ಕೆ ಪಾಯಿಂಟ್ ಇಪ್ಪತ್ತೆರಡರ ಸಣ್ಣ ರೈಫಲ್ ಸಾಕು ಎಂದು ನಾನೇ ಹೇಳಿದೆ. ಅದರ ತೋಟಾ ಬೆರಳಿನ ಒಂದು ಗಣ್ಣಿನಷ್ಟು ಉದ್ದ. ಅದಕ್ಕೆ ಪೆಟ್ಟು ಬೀಳಬೇಕಾದದ್ದು ಬುಡದ ನಡುವಿಗಲ್ಲ, ಅಂಚಿಗೆ. ಅಂಚಿನೊಳಗೇ ಅದರ ಕಿಡಿಮದ್ದು ಇರುವುದು. ಸದ್ದು ಕಡಿಮೆ, ಒದೆತ ಇಲ್ಲವೇ ಇಲ್ಲ. ಅಪ್ಪ ಒಪ್ಪಿದರು. ಒಪ್ಪಿದ ಉಸಿರಿನಲ್ಲೇ, ಯಾವ್ದು ತಕ್ಕೊಳ್ಳೋದು ಅಂತ ಗುಮಾಸ್ತರನ್ನ ಕರೆಸು, ಎಂದರು.

ಆಗ ನಮ್ಮ ಮುಂದೆ ಎರಡು ದಾರಿ ಇದ್ದವು. ಹುಣಸೂರಿನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಒಬ್ಬ ಇಂಗ್ಲಿಷ್ ದೊರೆ ಸೀಮೆಗೆ ವಾಪಸು ಹೊರಟಿದ್ದ. ಅವನ ಹತ್ತಿರ ಇಪ್ಪತ್ತು ವರ್ಷದ ಹಳೆಯ ರೈಫಲ್ ಒಂದಿತ್ತು. ಒಂದು ಸಲಕ್ಕೆ ಒಂದೇ ತೋಟಾ. ಬೋಲ್ಟು ತೆರೆದು ಕೈಯಿಂದ ತೋಟಾ ಇಟ್ಟು, ಬೋಲ್ಟು ಮುಚ್ಚಿ, ಆಮೇಲೆ ಬೋಲ್ಟಿನ ಹಿಂಬದಿಯ ಗುಂಡಿಯನ್ನು ಬೆರಳಿನಿಂದ ಹಿಂದಕ್ಕೆಳೆದರೆ ಮಾತ್ರ ಅದು ಹೊಡೆಯುವುದಕ್ಕೆ ತಯಾರು. ಇನ್ನೊಂದು ಮೈಸೂರಿನ ಅಂಗಡಿಗೆ ಆಗತಾನೇ ಬಂದಿದ್ದ ಹೊಸ ಮಾದರಿ. ಕೆಳಗೆ ಐದು ತೋಟಾ ಹಿಡಿಸುವ ಕ್ಲಿಪ್ಪು. ಬೋಲ್ಟನ್ನು ಎಳೆದು ಮುಚ್ಚಿದರೆ ಸಾಕು, ತೋಟಾ ತಾನಾಗಿ ನಳಿಗೆಗೆ ಹೋಗಿ ಕೂತು ರೈಫಲ್ ತಯಾರಾಗುತ್ತದೆ. ಪಿರಿಯಾಪಟ್ಟಣದ ನನ್ನ ಭಾವನ ಹತ್ತಿರ ಅಂಥದೊಂದು ಇತ್ತು. ನನ್ನ ಮನಸ್ಸು ಅದರ ಮೇಲೆ. ಭಾನುವಾರ ಭಾವನನ್ನು ರೈಫಲ್ ಸಮೇತ ಕರೆಸಿದೆ. ದೊರೆಯೂ ತನ್ನದನ್ನು ಆಳಿನ ಕೈಯಲ್ಲಿ ಕಳಿಸಿದ್ದ.

ಗುಮಾಸ್ತರು ಸೈಕಲ್ಲಿನ ಮೇಲೆ ಬಂದರು, ಛತ್ರಿಯನ್ನು ಹಿಂದೆ ಕಟ್ಟಿಕೊಂಡು. ನಮ್ಮ ಮನೆಯಲ್ಲಿ ಊಟ ಮಾಡುವವರಲ್ಲ. ಹಾಲು, ಬಾಳೆಹಣ್ಣು ತೆಗೆದುಕೊಂಡರು. ಜಗಲಿಯಲ್ಲಿ ಜಮಖಾನದ ಮೇಲೆ ಎರಡೂ ರೈಫಲ್ ಇಟ್ಟಿದ್ದೆವು. ನಾನು ಹೊಸದರ ಗುಣಗಳನ್ನೆಲ್ಲ ಬಾಯಿಪಾಠ ಮಾಡಿ ಇಟ್ಟುಕೊಂಡಿದ್ದೆ. ಐದು ತೋಟಾ, ಹಗುರ, ತಡೆ ಹಾಕುವ ಕೀಲು, ಕಣ್ಣಿಗೆ ಸರಿಯಾಗಿ ಏರಿಸಿ ಇಳಿಸುವ ಗುರಿಪಟ್ಟಿ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಕೇಳಿ ಅಪ್ಪನ ಕಡೆ ತಿರುಗಿದರು.

"ಗೌಡ್ರೇ, ನಾನು ಕೋವಿ ಆಮೇಲೆ ನೋಡ್ತೀನಿ. ನೀವು ಎದ್ದು ನಿಂತು ಒಂದೊಂದಾಗಿ ಹೆಗಲಿಗೆ ಹಿಡೀರಿ. ಮೊದಲು ನಿಮ್ಮನ್ನ ನೋಡ್ತೀನಿ."

ಅಪ್ಪ ಹೊಸದನ್ನು ಹಿಡಿದರು. ಹಗುರವಾದ ನಳಿಗೆ ಅವರ ಕೈಯ ನಡುಕಕ್ಕೆ ಆಡಿತು. ಹಳೆಯದನ್ನು ಹಿಡಿದರು. ಅದರ ನಳಿಗೆ ದಪ್ಪ; ಆ ಭಾರಕ್ಕೆ ಕೈ ನಿಂತಿತು. ನಾನು ಹೊಸದನ್ನು ಅಷ್ಟು ಸಲ ಹೊಡೆದಿದ್ದೆ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ನನ್ನ ಕೈಯಲ್ಲಿ ಹಿಡಿದು ನೋಡಿದ್ದೆನೇ ಹೊರತು ಅಪ್ಪನ ಕೈಯಲ್ಲಿ ಹಿಡಿಸಿ ನೋಡಿರಲಿಲ್ಲ.

ಆಮೇಲೆ ಅವರು ಸೀಸದ ಒಂದು ಸಣ್ಣ ಉಂಡೆಗೆ ಎಣ್ಣೆ ಹಚ್ಚಿ, ಹಳೆಯದರ ನಳಿಗೆಯೊಳಗೆ ಕಂಬಿಯಿಂದ ತಳ್ಳುತ್ತಾ ಹೋದರು. ಕಣ್ಣು ಮುಚ್ಚಿತ್ತು. ಇಲ್ಲಿ ತುಕ್ಕು ಕಚ್ಚಿದೆ, ದೊರೆ ತೊಳೆದಿಲ್ಲ, ಇಲ್ಲಿ ಸಲೀಸು, ಬಾಯಿಯ ಹತ್ತಿರ ಬಿಗಿಯಾಗಿದೆ, ಅದು ಒಳ್ಳೆಯ ಲಕ್ಷಣ, ಎಂದು ಒಂದೊಂದೇ ಹೇಳಿದರು. ಎರಡರಿಂದಲೂ ನನ್ನ ಕೈಯಲ್ಲಿ ಐದೈದು ಹೊಡೆಸಿ ಖಾಲಿ ತೋಟಾಗಳನ್ನು ಆರಿಸಿಕೊಂಡರು. ನನ್ನ ಗುರಿಯ ಬಗ್ಗೆ ಚೆನ್ನಾಗಿದೆ ಎಂದರು. ಅವರು ಹೊಗಳಿದ್ದರಿಂದ ನನಗೆ ಇನ್ನೂ ಕೆಡುಕೆನಿಸಿತು.

ಕೊನೆಗೆ ಹೇಳಿದ್ದು ಇಷ್ಟು: "ಹೊಸದು ಕೆಟ್ಟದ್ದಲ್ಲ ಗೌಡ್ರೇ. ಚಿಕ್ಕ ಗೌಡ್ರ ಕೈಗೆ ಅದು ಚೆನ್ನಾಗಿದೆ. ಆದ್ರೆ ಬೋಲ್ಟ್ ಮುಚ್ಚಿದ ಕೂಡಲೆ ಅದು ತಯಾರು. ಹಳೇದ್ರಲ್ಲಿ ಮುಚ್ಚಿದ ಮೇಲೂ ಗುಂಡಿ ಎಳೀಬೇಕು. ಆ ಎಳೆಯೋ ಹೊತ್ತಲ್ಲಿ ಮನುಷ್ಯನಿಗೆ ಒಂದು ಯೋಚನೆ ಬರುತ್ತೆ. ನಿಮ್ಮ ವಯಸ್ಸಿಗೆ ಆ ಯೋಚನೆ ಬೇಕು."

ನಾನು ಸುಮ್ಮನಿರಲಾರದೆ, ಇಷ್ಟೆಲ್ಲ ತಿಳಿದ ಗುಮಾಸ್ತರು ಒಂದು ಚಿಪ್ಪು ಒಡೆದು ತೋರಿಸಲಿ, ಎಂದೆ. ಭಾವ ನಕ್ಕ. ಅವರು ಹಿಂದೆ ಸರಿಯಲಿಲ್ಲ. ಹಳೆಯದನ್ನು ತೆಗೆದುಕೊಂಡು, ಕೋಟಿನ ತೋಳು ಮೇಲೆಳೆದು, ಇಪ್ಪತ್ತು ಹೆಜ್ಜೆಯ ಚಿಪ್ಪಿಗೆ ಹೊಡೆದರು. ಗುಂಡು ಹುಲ್ಲಿನ ಮೆದೆಗೆ ಹೋಯಿತು. ಎರಡನೆಯದು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ. ನಾನು ಗೆದ್ದೆ ಎಂದುಕೊಂಡು ಅಪ್ಪನ ಮುಖ ನೋಡಿದೆ. ಅಪ್ಪನೂ ನಗುತ್ತಿದ್ದರು, ನಗುತ್ತಲೇ ದೊರೆಯ ಆಳಿಗೆ, ಇದನ್ನ ನಾವೇ ತಕ್ಕೊತೀವಿ ಅಂತ ನಿಮ್ ದೊರೆಗೆ ಏಳಪ್ಪ, ಎಂದರು. ಸೋತು ನಗುವವನನ್ನು ಹೇಗೆ ಸೋಲಿಸುವುದು? ಆ ದಿನ ನನ್ನ ಹೊಟ್ಟೆಯಲ್ಲಿ ಬಿದ್ದ ಬೆಂಕಿ ಆಮೇಲೆ ಆರಲೇ ಇಲ್ಲ.

ಗುಮಾಸ್ತರು ಅಪ್ಪನಿಗೆ ಎರಡು ಕಟ್ಟಳೆ ಹೇಳಿ ಹೋದರು. ಒಂದು, ಹೊಡೆದ ದಿನವೇ ನಳಿಗೆಗೆ ಬಿಸಿನೀರು ಹುಯ್ಯಬೇಕು. ಬರೀ ಎಣ್ಣೆ ಸಾಲದು, ಆ ಹೊಗೆಯಲ್ಲಿ ಉಪ್ಪಿನ ಗುಣ ಇದೆ. ಅಪ್ಪ ಹಂಡೆಯ ನೀರು ಹುಯ್ದು, ಒರೆಸಿ, ಎಳ್ಳೆಣ್ಣೆ ಹಚ್ಚಿ ಬಟ್ಟೆ ಸುತ್ತಿ ಮಲಗಿಸುವುದನ್ನು ನೋಡಿ ನಮ್ಮಮ್ಮ, ನನ್ನ ಬಾಣಂತನದಲ್ಲಿ ಇಷ್ಟು ಚಾಕರಿ ಯಾರೂ ಮಾಡಲಿಲ್ಲ, ಎನ್ನುತ್ತಿದ್ದರು. ಎರಡನೆಯದು, ಇದನ್ನು ಬರಿದಾಗಿ ಹೊಡೆಯಬಾರದು. ಒಳಗೆ ತೋಟಾ ಇಲ್ಲದೆ ಟ್ರಿಗರ್ ಎಳೆದರೆ ಒಳಗಿನ ಮೊಳೆ ನಳಿಗೆಯ ಅಂಚಿಗೇ ಬಡಿದು ಅಂಚು ಜಜ್ಜಿಹೋಗುತ್ತದೆ. ಎಳೆಯಲೇಬೇಕಾದರೆ ಒಂದು ಖಾಲಿ ತೋಟಾ ಇಟ್ಟು ಎಳೆಯಬೇಕು.

ಎಳೆಯಲೇಬೇಕಾದ ದಿನ ನಮ್ಮ ಮನೆಯಲ್ಲಿ ವರ್ಷಕ್ಕೊಂದಿತ್ತು. ಆಯುಧಪೂಜೆಯ ದಿನ ಕೋವಿಗಳನ್ನೆಲ್ಲ ನಡುಮನೆಯಲ್ಲಿ ಬಾಳೆಯೆಲೆಯ ಮೇಲೆ ಇಟ್ಟು, ಗಂಧ ಕುಂಕುಮ ಹಚ್ಚಿ, ಮಂಗಳಾರತಿಯಾದ ಮೇಲೆ ಯಜಮಾನನಾದವನು ಒಂದೊಂದನ್ನೇ ಎತ್ತಿ, ಬಾಗಿಲ ಬಳಿಯ ಬೂದುಗುಂಬಳಕಾಯಿಗೆ ಗುರಿ ಹಿಡಿದು, ಬರಿದಾಗಿ ಟ್ರಿಗರ್ ಎಳೆಯಬೇಕು. ಇದಕ್ಕೆ ಬಾಯಿ ಬಿಡಿಸೋದು ಎನ್ನುತ್ತಿದ್ದೆವು. ಬಾಯಿ ಬಿಡಿಸದ ಕೋವಿ ಆ ವರ್ಷ ಮಾತು ಕೇಳುವುದಿಲ್ಲ ಎಂದು ನಂಬಿಕೆ. ಪೂಜೆಗಿಟ್ಟ ಮೇಲೆ ಬಾಯಿ ಬಿಡಿಸುವವರೆಗೆ ಯಜಮಾನನಲ್ಲದೆ ಇನ್ನೊಬ್ಬರು ಅವುಗಳನ್ನು ಮುಟ್ಟುವಂತಿಲ್ಲ.

ಮುಂದಿನ ವರ್ಷ ನಾನು ಹಟ ಹಿಡಿದು ಹೊಸ ಮಾದರಿಯನ್ನೇ ನನ್ನ ಹೆಸರಿನಲ್ಲಿ ಕೊಂಡೆ. ಅರ್ಜಿ ಗುಮಾಸ್ತರ ಮೇಜಿನ ಮೇಲೇ ಹೋಗಬೇಕು. ಅಡ್ಡಗಾಲು ಹಾಕುತ್ತಾರೆ, ಆಗ ಅಪ್ಪನ ಮುಂದೆ ಇವರ ಬಣ್ಣ ಬಯಲು ಮಾಡುತ್ತೇನೆ ಎಂದು ಕಾದಿದ್ದೆ. ಎಂಟೇ ದಿನದಲ್ಲಿ ಲೈಸೆನ್ಸು ಬಂತು. ಕೊಡುವಾಗ ಒಂದು ಮಾತು ಹೇಳಿದರು: ಕ್ಲಿಪ್ಪು ತೆಗೆದರೆ ಕೋವಿ ಖಾಲಿಯಾಯಿತು ಅಂದುಕೊಳ್ಳಬೇಡಿ ಚಿಕ್ಕ ಗೌಡ್ರೇ, ನಳಿಗೆಯಲ್ಲಿ ಒಂದು ಕೂತಿರುತ್ತೆ, ಬೋಲ್ಟ್ ತೆಗೆದು ನೋಡಿ. ಮಗ್ಗಿ ಕಲಿಯುವ ಮಗುವಿಗೆ ಹೇಳಿದಂತೆ ಹೇಳಿದರು ಎಂದು ದಾರಿಯುದ್ದಕ್ಕೂ ಕುದಿಯುತ್ತಾ ಬಂದೆ.

ಆ ಸಲದ ಆಯುಧಪೂಜೆಗೆ ಅಪ್ಪ ಗುಮಾಸ್ತರನ್ನು ಕರೆದಿದ್ದರು. ನಾನು ಬೆಳಿಗ್ಗೆ ಎದ್ದವನೇ ಹೊಸ ರೈಫಲ್ ಹಿಡಿದು ಹೊಲಕ್ಕೆ ಹೋಗಿ ಎರಡು ಗೌಜಲು ಹೊಡೆದೆ. ಮೂರನೆಯದಕ್ಕೆಂದು ಬೋಲ್ಟು ಎಳೆದು ಮುಚ್ಚಿದ್ದೆ, ಅದು ಹಾರಿಹೋಯಿತು. ಮನೆಗೆ ಬಂದು ಕ್ಲಿಪ್ಪು ತೆಗೆದೆ. ಪೂಜೆಗಿಡುವ ಮೊದಲು ಬೋಲ್ಟು ತೆರೆದು ಒಂದು ಖಾಲಿ ತೋಟಾ ಇಡಬೇಕು. ಮರೆತೆ ಎಂದರೆ ಸುಳ್ಳಾಗುತ್ತದೆ. ಬೋಲ್ಟಿನ ಮೇಲೆ ಕೈ ಇಟ್ಟಿದ್ದೆ. ಇದು ಆ ಮನುಷ್ಯನ ಕಟ್ಟಳೆ ಎಂದು ನೆನಪಾಯಿತು. ನೆನಪಾದದ್ದಕ್ಕೇ ಕೈ ತೆಗೆದೆ. ಹೊಸದಕ್ಕೆ ಇದೆಲ್ಲ ಬೇಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಹಾಗೆಯೇ ಜಗಲಿಯ ಮೂಲೆಗೆ ಒರಗಿಸಿದೆ.

ಗುಮಾಸ್ತರು ಬಂದಾಗ ಅಪ್ಪ ಎಣ್ಣೆ ನೀರು ಹಾಕಿಕೊಳ್ಳುತ್ತಿದ್ದರು. ನಾವಿಬ್ಬರೇ ಜಗಲಿಯಲ್ಲಿ ಕೂತಿದ್ದೆವು. ಅವರ ಕಣ್ಣು ರೈಫಲಿನ ಮೇಲೆ ಇತ್ತು. ಬೋಲ್ಟ್ ನೋಡಿದ್ದೀರಾ ಎಂದು ಮೆಲ್ಲಗೆ ಕೇಳಿದರು. ನೋಡಿವ್ನಿ ಬುಡಿ, ಎಂದೆ. ಅವರು ಮತ್ತೆ ಕೇಳಲಿಲ್ಲ. ಇನ್ನೊಬ್ಬರ ಮಾತನ್ನು ನಂಬುವುದು ಅವರ ಗುಣವಾಗಿತ್ತು.

ಮಂಗಳಾರತಿಯಾಯಿತು. ಅಪ್ಪ ಮಡಿ ಪಂಚೆಯಲ್ಲಿ ನಿಂತು ಕೇಪಿನ ಕೋವಿಗಳ ಬಾಯಿ ಬಿಡಿಸಿದರು. ಜೋಡಿ ನಳಿಗೆಯದನ್ನು ಬಿಡಿಸಿದರು. ಖಾಲಿ ತೋಟಾ ಇಟ್ಟಿದ್ದ ಹಳೆಯ ರೈಫಲಿನ ಗುಂಡಿ ಎಳೆದು ಟಿಕ್ ಎನ್ನಿಸಿದರು. ಆಮೇಲೆ ನನ್ನದನ್ನು ಎತ್ತಿದರು. ನಡುಮನೆಯೊಳಗೆ ಆ ಸದ್ದು ಎಷ್ಟು ದೊಡ್ಡದಾಗಿ ಕೇಳಿತೆಂದರೆ ಕೊಟ್ಟಿಗೆಯಲ್ಲಿ ಎತ್ತು ಹಗ್ಗ ಕಿತ್ತುಕೊಂಡಿತು. ಗುಂಡು ಕುಂಬಳಕಾಯಿಯ ಪಕ್ಕದ ಕಲ್ಲಿಗೆ ಬಡಿದು ಚಿಮ್ಮಿ, ಬಾಗಿಲ ಹತ್ತಿರ ಮಣೆಯ ಮೇಲೆ ಕೂತಿದ್ದ ಗುಮಾಸ್ತರ ಎಡ ಮೊಣಕಾಲ ಕೆಳಗೆ ಹೊಕ್ಕಿತು. ಬಿಳಿ ಪಂಚೆಯ ಮೇಲೆ ರಕ್ತ ಹರಡಿತು.

ಅಪ್ಪನ ಮುಖ ಬೂದಿಯಾಗಿತ್ತು. ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಬಾಯಿ ತೆರೆಯುವ ಮೊದಲೇ ಗುಮಾಸ್ತರು ಮಾತಾಡಿದರು.

"ನಂದೇ ತಪ್ಪು ಗೌಡ್ರೇ. ನೀವು ಸ್ನಾನದಲ್ಲಿದ್ದಾಗ ಇದನ್ನ ನೋಡೋಕೆ ತಗೊಂಡೆ. ತೋಟಾ ಹಾಕಿ ನೋಡ್ದೆ. ತೆಗೆಯೋದು ಮರೆತೆ."

ಅಪ್ಪ ರೈಫಲನ್ನು ಎಲೆಯ ಮೇಲಿಟ್ಟರು. ಆಮೇಲೆ, ನೀವೇ ಇಂಗ್ ಮಾಡಿದ್ರಲ್ಲ ಗುಮಾಸ್ತ್ರೇ, ಎಂದರು. ಆ ದನಿಯಲ್ಲಿ ಅವರು ಗುಮಾಸ್ತರ ಜೊತೆ ಎಂದೂ ಮಾತಾಡಿರಲಿಲ್ಲ. ನಾನು ಅಲ್ಲೇ ನಿಂತಿದ್ದೆ. ನಿಜ ನಾಲಿಗೆಯ ತುದಿಯಲ್ಲಿತ್ತು. ಆದರೆ ಅಪ್ಪ ಗುಮಾಸ್ತರನ್ನು ಬಿರುಸಾಗಿ ನೋಡಿದ್ದನ್ನು ಕಂಡು ನನಗೆ ಸುಖವಾಯಿತು. ಎದುರಿಗೆ ಒಬ್ಬ ಮನುಷ್ಯನ ಕಾಲಿನಿಂದ ರಕ್ತ ಹರಿಯುತ್ತಿದೆ, ನನಗೆ ಸುಖವಾಗುತ್ತಿದೆ. ಇದನ್ನು ಬರೆಯ ಕೂತದ್ದೇ ಇದಕ್ಕಾಗಿ, ಮುಚ್ಚಿಟ್ಟು ಏನು ಮಾಡಲಿ.

ಗಾಡಿಯಲ್ಲಿ ಹುಲ್ಲು ಹಾಸಿ ಅವರನ್ನು ಕೋಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಾಡಿ ಹೊಡೆಯುವವನಿಗೆ ಕೇಳದಂತೆ, ಯಾಕೆ ಹಾಗೆ ಹೇಳಿದಿರಿ ಎಂದೆ. ಅವರು ನಶ್ಯದ ಡಬ್ಬಿಗಾಗಿ ಜೇಬು ತಡಕುತ್ತಿದ್ದರು.

"ನನಗೆ ಬೇರೆ ಮೇಜು ಸಿಗುತ್ತೆ ಚಿಕ್ಕ ಗೌಡ್ರೇ. ನಿಮಗೆ ಬೇರೆ ಅಪ್ಪ ಸಿಗಲ್ಲ."

ಹೇಳಿ ನಶ್ಯ ಏರಿಸಿದರು. ಸೀನು ಬಂತು. ಸೀನಿದ್ದಕ್ಕೆ ಕಾಲು ಅಲುಗಿ ಅಯ್ಯೋ ಎಂದು ನರಳಿದರು. ಸುಮ್ಮನೆ ಮಲಗಿಕೊಳ್ಳಿ ಎಂದು ನಾನು ಗದರಿದೆ.

ಡಾಕ್ಟರು ಸೀಸ ತೆಗೆದರು. ಕಾಲು ಉಳಿಯಿತು, ಆದರೆ ಸ್ವಲ್ಪ ಎಳೆದು ಹಾಕುವಂತಾಯಿತು. ಅಮಲ್ದಾರರ ಮುಂದೆಯೂ ಅವರು ಅದನ್ನೇ ಬರೆದುಕೊಟ್ಟರು. ಕೋವಿ ಪರೀಕ್ಷೆ ಮಾಡಬೇಕಾದವನೇ ತೋಟಾ ಮರೆತನೆಂದ ಮೇಲೆ ಅವರನ್ನು ಆ ಮೇಜಿನಲ್ಲಿ ಇಟ್ಟಾರೆಯೇ? ರೆಕಾರ್ಡು ಕೋಣೆಗೆ ಹಾಕಿದರು. ನಮ್ಮ ಮನೆಯ ಲೈಸೆನ್ಸುಗಳಿಗೆ ಏನೂ ಆಗಲಿಲ್ಲ.

ಮುಂದಿನ ವರ್ಷ ಕೋವಿಗಳನ್ನು ತೆಗೆದುಕೊಂಡು ಹೋದಾಗ ಜಗಲಿಯ ಚಾಪೆಯ ಮೇಲೆ ಬೇರೊಬ್ಬ ಗುಮಾಸ್ತನಿದ್ದ. ನಂಬರು ನೋಡಿ, ಮುಂದೆ ಹೋಗಿ ಎನ್ನುತ್ತಿದ್ದ. ಪಕ್ಕದ ರೆಕಾರ್ಡು ಕೋಣೆಗೆ ಸರಳಿನ ಕಿಟಕಿ. ಒಳಗೆ ಇವರು ಕಡತಗಳಿಗೆ ದಾರ ಕಟ್ಟುತ್ತಿದ್ದರು. ಹೊರಗೆ ಯಾರಾದರೂ ಬೋಲ್ಟು ಎಳೆದ ಸದ್ದಾದರೆ ದಾರ ಕೈಯಲ್ಲೇ ನಿಲ್ಲುತ್ತಿತ್ತು. ಕತ್ತು ಓರೆ ಮಾಡಿ ಕೇಳಿ, ಮತ್ತೆ ಗಂಟು ಹಾಕುತ್ತಿದ್ದರು. ಅದನ್ನು ನೋಡಿ ನನಗೆ ಮರುಕವಾಯಿತು. ಆ ಮರುಕವಾದರೂ ಉಳಿಯಬೇಕಿತ್ತು. ಅಷ್ಟರಲ್ಲಿ ಲೈಸೆನ್ಸು ಮುಗಿಸಿದ ನಾಲ್ಕೈದು ಜನ ಒಬ್ಬೊಬ್ಬರಾಗಿ ಆ ಕಿಟಕಿಯ ಹತ್ತಿರ ಹೋಗಿ ಸರಳಿನ ನಡುವೆ ಖಾಲಿ ತೋಟಾ ಚಾಚಿದರು. ಇವರು ಬೆಳಕಿಗೆ ಹಿಡಿದು ಏನೋ ಪಿಸುಗುಟ್ಟಿದರು. ಮೇಜು ಹೋದರೂ ಮನುಷ್ಯನ ಮಾತಿಗೆ ಕ್ಷಯವಿಲ್ಲವಲ್ಲ ಎಂದು ನನ್ನ ಹೊಟ್ಟೆ ಮತ್ತೆ ಉರಿಯಿತು.

ಆದರೆ ಒಬ್ಬರು ಮಾತ್ರ ಆ ಕಿಟಕಿಗೆ ಹೋಗಲಿಲ್ಲ. ಅಪ್ಪ ಗುಮಾಸ್ತರ ಹೆಸರೆತ್ತುವುದನ್ನೇ ಬಿಟ್ಟಿದ್ದರು. ಅವರು ಆರಿಸಿಕೊಟ್ಟ ಹಳೆಯ ರೈಫಲನ್ನು ಗೋಡೆಗೆ ತೂಗುಹಾಕಿ, ನನ್ನ ಹೊಸದನ್ನು ಹಿಡಿದುಕೊಂಡು ಹೊಲಕ್ಕೆ ಹೋಗಲು ಶುರುಮಾಡಿದರು. ಇದೇ ವಾಸಿ ಕಣ್ಲಾ, ಎಂದರು. ಗುರಿ ಆಡುತ್ತಿತ್ತು, ಮೊಲಗಳು ತಪ್ಪಿಸಿಕೊಳ್ಳುತ್ತಿದ್ದವು, ಆದರೂ ಇದೇ ವಾಸಿ. ಅಪ್ಪ ಮನೆಗೆ ಬಂದ ಪ್ರತಿ ಸಲವೂ ನಾನು ಅವರಿಗೆ ಕಾಣದಂತೆ ಬೋಲ್ಟು ತೆಗೆದು ನಳಿಗೆ ನೋಡುತ್ತಿದ್ದೆ. ಎರಡು ಸಲ ಒಳಗೆ ತೋಟಾ ಇತ್ತು. ಹಳೆಯದನ್ನು ನಾನು ಹಿಡಿದೆ. ಬಿಸಿನೀರು ಹುಯ್ಯುವುದು, ಎಳ್ಳೆಣ್ಣೆ ಹಚ್ಚುವುದು ಎಲ್ಲ ನನ್ನ ಪಾಲಿಗೆ ಬಂತು. ಅಂಥ ರೈಫಲ್ ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ಹಿಂಬದಿಯ ಗುಂಡಿ ಎಳೆಯುವಾಗ ಪ್ರತಿ ಸಲವೂ ಗುಮಾಸ್ತರು ಹೇಳಿದ ಆ ಯೋಚನೆ ಬರುತ್ತಿತ್ತು. ಯೋಚನೆಯೆಂದರೆ ಅವರ ಯೋಚನೆಯೇ. ಮುಂದೆ ಊರಿನವರು ಕೋವಿಯ ವಿಷಯಕ್ಕೆ ನನ್ನ ಹತ್ತಿರ ಬರತೊಡಗಿದರು. ಕೋವಿ ಸುಳ್ಳು ಹೇಳುತ್ತೆ, ತೋಟಾ ಹೇಳಲ್ಲ ಎಂದು ಅವರ ಮಾತನ್ನು ನನ್ನದೇ ಎಂಬಂತೆ ಹೇಳಿ ಕಳಿಸುತ್ತಿದ್ದೆ.

ಕೆಲವು ವರ್ಷ ಹೀಗೇ ಹೋಯಿತು. ಅಪ್ಪ ಉಬ್ಬಸ ಹೆಚ್ಚಾಗಿ ಮಂಚ ಹಿಡಿದರು. ಒಂದು ಮಧ್ಯಾಹ್ನ ಗುಮಾಸ್ತರು ಕಾಲೆಳೆಯುತ್ತಾ ಬಂದರು. ಕೃಷ್ಣರಾಜನಗರಕ್ಕೆ ವರ್ಗವಾಗಿದೆ, ಗೌಡರನ್ನು ನೋಡಿ ಹೋಗೋಣವೆಂದು ಬಂದೆ, ಎಂದರು. ಸೈಕಲ್ಲು ತುಳಿಯಲಾಗದೆ ಹಂಪಾಪುರದಿಂದ ನಡೆದೇ ಬಂದಿದ್ದರು. ಊರಿನ ಇಬ್ಬರು ಹಿರಿಯರು ಅಪ್ಪನನ್ನು ನೋಡಲು ಬಂದು ಕೂತಿದ್ದರು. ನಾನು ಹಾಲಿನ ಲೋಟ ತಂದು ಗುಮಾಸ್ತರ ಕೈಗೆ ಕೊಟ್ಟೆ.

ಅಪ್ಪ ದಿಂಬಿಗೆ ಒರಗಿ ಕೂತು, ಉಸಿರು ಎಳೆದುಕೊಳ್ಳುತ್ತಾ ಹೇಳಿದರು.

"ಗುಮಾಸ್ತ್ರೇ, ನಿಮ್ ಮಾತ್ನ ದ್ಯಾವ್ರ ಮಾತು ಅಂತ ನಂಬಿದ್ದೆ. ನಂಬಬಾರ್ದಾಗಿತ್ತು. ಕೋವಿ ಇಚಾರ್ದಲ್ಲಿ ನಮ್ ಮಗನ್ ಮಾತು ಕೇಳ್ಬೇಕಾಗಿತ್ತು. ಅವ್ನಿಗೆ ನಿಮ್ಗಿಂತ ತಿಳುವಳ್ಕೆ ಅದೆ."

ಹಿರಿಯರಿಬ್ಬರೂ ನನ್ನ ಕಡೆ ನೋಡಿ ತಲೆದೂಗಿದರು. ನಾನು ಗುಮಾಸ್ತರನ್ನು ನೋಡಿದೆ. ಈಗಲಾದರೂ ಹೇಳಿಬಿಡಲಿ ಎಂದು ಒಂದು ಮನಸ್ಸು, ಹೇಳದಿರಲಿ ಎಂದು ಇನ್ನೊಂದು. ಅವರು ಹಾಲನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಹೌದು ಗೌಡ್ರೇ. ಅವರನ್ನೇ ಕೇಳಬೇಕಾಗಿತ್ತು."

ರಸ್ತೆಯವರೆಗೆ ಅವರ ಜೊತೆ ಹೋದೆ. ಛತ್ರಿ ನನ್ನ ಕೈಯಲ್ಲಿತ್ತು. ಮಳೆ, ಬೆಳೆ, ಹೊಸ ಅಮಲ್ದಾರರು ಎಂದು ಏನೇನೋ ಮಾತಾಡಿದೆವು. ಗಾಡಿಯೊಂದು ಸಿಕ್ಕಿತು, ಹತ್ತಿಸಿದೆ, ಅವರು ಹೋದರು. ಮತ್ತೆ ಅವರನ್ನು ನಾನು ನೋಡಲಿಲ್ಲ. ಅಪ್ಪ ಸತ್ತದ್ದು ಅದಾದ ಎಂಟನೆಯ ದಿನ. ನಿಜ ಹೇಳುವುದಕ್ಕೆ ನನಗೆ ಎಂಟು ದಿನ ಇತ್ತು. ದಿನಾ ಮಂಚದ ಪಕ್ಕ ಕೂರುತ್ತಿದ್ದೆ, ಕಾಲೊತ್ತುತ್ತಿದ್ದೆ. ಹೇಳಲಿಲ್ಲ.

ಜನರ ಮುಂದೆ ಅಪ್ಪನ ಬಾಯಿಂದ ಬಂದ ಆ ಮಾತಿಗಾಗಿ ನಾನು ಹುಟ್ಟಿದಾಗಿನಿಂದ ಕಾದಿದ್ದೆ. ಅದನ್ನೂ ನನಗೆ ಕೊಡಿಸಿದವರು ಅವರೇ.